ಹತ್ತೊಂಬತ್ತನೆಯ ಸ್ಕ್ರೂ

ನನ್ನ ಅಂಗಡಿಗೆ ಫೋನ್ ರಿಪೇರಿಗೆಂದು ಬಂದವರಿಗೆ ಮೊದಲು ನಗು ಬರುತ್ತದೆ. ಫೋನನ್ನು ಕೈಗೆ ತೆಗೆದುಕೊಂಡವಳೇ ನಾನು ಅದನ್ನು ಗಾಜಿನ ಕೌಂಟರಿನ ಮೇಲೆ ಅಂಗಾತ ಮಲಗಿಸಿ, ಒಂದು ಮೂಲೆಗೆ ಬೆರಳು ತಾಗಿಸಿ ತಿರುಗಿಸುತ್ತೇನೆ. ಸರಿಯಿರುವ ಫೋನು ಅರ್ಧ ಸುತ್ತಿಗೇ ನಿಂತುಬಿಡುತ್ತದೆ. ಒಳಗೆ ಬ್ಯಾಟರಿ ಉಬ್ಬಿ ಬೆನ್ನು ಗೂನಾಗಿದ್ದರೆ ಬುಗುರಿಯ ಹಾಗೆ ಸುತ್ತುತ್ತದೆ. ಆಮೇಲೆ ಚಾರ್ಜರ್ ಸಿಕ್ಕಿಸುವ ತೂತಿಗೆ ಮೂಗು ಹಿಡಿದು ಒಮ್ಮೆ ಮೂಸುತ್ತೇನೆ. "ಎಂತ ಮೇಡಂ, ಹಲಸಿನಹಣ್ಣು ವ್ಯಾಪಾರಕ್ಕೆ ಕೂತಂಗೆ ಕಾಣ್ತದಲ್ಲ" ಎಂದು ಮೂಡಿಗೆರೆ ಬಸ್‌ಸ್ಟ್ಯಾಂಡಿನ ಆಟೋದವರು ನಗುತ್ತಾರೆ. ನಗಲಿ. ನನಗೆ ಮೂಸುವುದನ್ನೂ ತಿರುಗಿಸುವುದನ್ನೂ ಕಲಿಸಿದವರು ಹೋದ ತಿಂಗಳು ತೀರಿಕೊಂಡರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಮನೆಯವರಿಗೇನೂ ಬೇಸರವಿಲ್ಲ. ನಾಚಿಕೆ ಇರುವುದು ನನಗೆ. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು, ಅಷ್ಟು ಸಾಕು.

ಚಿಕ್ಕಮಗಳೂರಿನ ಹೊರಗೆ ಮುಚ್ಚಿಹೋಗಿದ್ದ ಒಂದು ಕಾಫಿ ಕ್ಯೂರಿಂಗ್ ಇತ್ತು. ತೋಟಗಳಿಂದ ಬಂದ ಬೀಜದ ಸಿಪ್ಪೆ ತೆಗೆದು, ಗಾತ್ರ ನೋಡಿ ಬೇರೆ ಮಾಡಿ, ಕೊನೆಗೆ ಹೆಂಗಸರನ್ನು ಸಾಲಾಗಿ ಕೂರಿಸಿ ಕೆಟ್ಟ ಬೀಜ ಆರಿಸುತ್ತಿದ್ದ ಜಾಗ. ಹೊರಗಿನ ಒಂದು ಕಂಪನಿ ಆ ಶೆಡ್ಡನ್ನು ಬಾಡಿಗೆಗೆ ಹಿಡಿದು ಕಡಿಮೆ ಬೆಲೆಯ ಸ್ಮಾರ್ಟ್‌ಫೋನ್ ಜೋಡಿಸುವ ಲೈನು ಹಾಕಿತು. ಬಿಡಿಭಾಗ ಪೆಟ್ಟಿಗೆಯಲ್ಲಿ ಬರುತ್ತಿತ್ತು. ನಾವು ಜೋಡಿಸಿ, ಪರೀಕ್ಷೆ ಮಾಡಿ, ಡಬ್ಬಿಗೆ ತುಂಬಿ ಕಳಿಸಬೇಕು. ಕಳಸದ ಕಡೆಯವಳಾದ ನಾನು ಬಯಲುಸೀಮೆಯ ದೊಡ್ಡ ಫ್ಯಾಕ್ಟರಿಯೊಂದರಲ್ಲಿ ಐದು ವರ್ಷ ದುಡಿದು, ಊರಿಗೆ ಹತ್ತಿರವಾಯಿತೆಂದು ಇಲ್ಲಿಗೆ ಕ್ವಾಲಿಟಿ ನೋಡಿಕೊಳ್ಳಲು ಬಂದೆ. ಬಂದು ನೋಡಿದರೆ ಮ್ಯಾನೇಜರು ತಪಾಸಣೆಯ ಮೇಜಿಗೆ ಹಳೆಯ ಬೀಜ ಆರಿಸುವ ಹೆಂಗಸರನ್ನೇ ತಂದು ಕೂರಿಸಿದ್ದರು. "ಇವರ ಕಣ್ಣು ಪಳಗಿದೆ" ಎಂಬುದು ಅವರ ವಾದ. ನನಗೆ ಮೈಯೆಲ್ಲ ಉರಿಯಿತು. ಕಾಫಿ ಬೀಜಕ್ಕೂ ಫೋನಿಗೂ ಎಲ್ಲಿಯ ನಂಟು?

ಅಕ್ಕನಿಗೆ ಆಗಲೇ ಐವತ್ತು ದಾಟಿತ್ತು. ಬೆಳ್ಳಗಿನ, ಸಪೂರ ಹೆಂಗಸು. ಅದೇ ಶೆಡ್ಡಿನ ಅದೇ ಕಿಟಕಿಯ ಪಕ್ಕದಲ್ಲಿ ಮದುವೆಯಾದ ವರ್ಷದಿಂದ ಬೀಜ ಆರಿಸಿದವರು. ಲೈನು ಹಾಕಿದ ಮೇಲೂ ಆ ಕಿಟಕಿಯನ್ನು ಬಿಡಲಿಲ್ಲ. ಬಳೆ ಹಾಕಬಾರದು, ಗೀರು ಬೀಳುತ್ತದೆ ಎಂದೆ. ತೆಗೆದಿಟ್ಟರು. ಹೂ ಮುಡಿಯಬಾರದು, ಎಸಳು ಉದುರುತ್ತದೆ ಎಂದೆ. ಅದನ್ನೂ ಬಿಟ್ಟರು. ಆಮೇಲೆ ನನ್ನ ಮುಖವನ್ನೇ ನೋಡಿ, "ನೀವು ಆ ಸೆಂಟು ಹಾಕ್ಕಂಡು ಬರೂದನ್ನೂ ಬಿಡಿ ಮೇಡಂ. ನನ್ನ ಮೂಗಿಗೆ ಕೆಲ್ಸ ಆಗೂದಿಲ್ಲ" ಎಂದರು. ಫೋನ್ ನೋಡುವುದಕ್ಕೆ ಮೂಗಿನ ಕೆಲಸವೇನು ಎಂದು ನಾನು ಜೋರಾಗಿಯೇ ಕೇಳಿದೆ. ಸುತ್ತಲಿದ್ದವರು ನಕ್ಕರು. ಅಕ್ಕ ನಗಲಿಲ್ಲ.

ಮೊದಲ ತಿಂಗಳು ನಮ್ಮನ್ನು ಗೋಳು ಹೊಯ್ದುಕೊಂಡಿದ್ದು ಒಂದು ಚುಕ್ಕೆ. ಪರದೆಯ ಗಾಜಿನಡಿ ಬೆಳ್ಳಗಿನ ಒಂದು ಚೂರು, ಅಲ್ಲೊಂದು ಫೋನಿನಲ್ಲಿ ಇಲ್ಲೊಂದು ಫೋನಿನಲ್ಲಿ. ಪ್ಲಾಸ್ಟಿಕ್ ಪರದೆ ಕಟ್ಟಿದೆವು, ಎಲ್ಲರಿಗೂ ಟೋಪಿ ಹಾಕಿಸಿದೆವು, ಗಾಳಿ ಸೋಸುವ ಯಂತ್ರ ತರಿಸಿದೆವು. ಚುಕ್ಕೆ ಹೋಗಲಿಲ್ಲ. ಗಾಜು ಕಳಿಸಿದವರ ಮೇಲೆ ದೂರು ಬರೆಯಲು ಕೂತಿದ್ದೆ. ಅಕ್ಕ ಆ ಚೂರನ್ನು ಉಗುರಿನ ಮೇಲೆ ಇಟ್ಟುಕೊಂಡು ಬಂದರು. "ಇದು ಧೂಳಲ್ಲ ಮೇಡಂ, ಕಾಫಿ ಬೀಜದ ಒಳಸಿಪ್ಪೆ. ಎಷ್ಟೋ ವರ್ಷದ್ದು ಮೇಲೆ ಜಂತೇಲಿ ಕೂತಿದೆ. ನಿಮ್ಮ ಮಿಷನ್ನು ಅಲ್ಲಾಡಿದ ಹಂಗೆಲ್ಲ ಇಳೀತದೆ." ಎರಡು ದಿನ ಲೈನು ನಿಲ್ಲಿಸಿ ಜಂತೆಗಳನ್ನು ತೊಳೆಸಿದೆವು. ಚುಕ್ಕೆ ಹೋಯಿತು. ಮೇಲಿನವರಿಂದ ಮ್ಯಾನೇಜರಿಗೆ ಹೊಗಳಿಕೆಯ ಪತ್ರ ಬಂತು. ಅಕ್ಕನಿಗೆ ಒಂದು ಲೋಟ ಟೀ ಸಿಕ್ಕಿತು.

ಅವರ ಕೆಲಸದ ರೀತಿಯೇ ಬೇರೆ. ನಾವು ಕಲಿತವರು ತಪ್ಪನ್ನು ಹುಡುಕುತ್ತೇವೆ. ಅಕ್ಕ ಹುಡುಕುತ್ತಿರಲಿಲ್ಲ. ಟ್ರೇಯಲ್ಲಿದ್ದ ಹನ್ನೆರಡು ಫೋನುಗಳ ಮೇಲೆ ಸುಮ್ಮನೆ ಕಣ್ಣು ಬಿಟ್ಟು ಕೂತಿರುತ್ತಿದ್ದರು. "ಕೆಟ್ಟದ್ದನ್ನ ಹುಡ್ಕಬಾರ್ದು. ಒಳ್ಳೇದನ್ನ ನೋಡ್ತಾ ಇರ್ಬೇಕು. ಕೆಟ್ಟದ್ದು ತಾನಾಗೇ ಎದ್ದು ಬರ್ತದೆ" ಎನ್ನುತ್ತಿದ್ದರು. ನಾಲ್ಕೈದು ಟ್ರೇ ಆದಮೇಲೆ ಮೊಣಕೈಯ ಒಳಮಡಿಕೆಗೆ ಮೂಗು ಒತ್ತಿ ತಮ್ಮದೇ ಮೈಯ ವಾಸನೆಯನ್ನು ಒಮ್ಮೆ ಎಳೆದುಕೊಳ್ಳುತ್ತಿದ್ದರು. ಸ್ಲೇಟು ಒರೆಸಿದ ಹಾಗೆ, ಮೂಗು ಮತ್ತೆ ಹೊಸದಾಗುತ್ತದಂತೆ.

ಆ ಮೂಗಿನ ಕಥೆ ನನಗೆ ಗೊತ್ತಾದದ್ದು ಎರಡನೇ ಮಳೆಗಾಲದಲ್ಲಿ. ಎಲ್ಲ ಯಂತ್ರಗಳೂ ಪಾಸು ಮಾಡಿದ್ದ ಒಂದು ಫೋನನ್ನು ಅಕ್ಕ ಬದಿಗಿಟ್ಟರು. ಏನಾಗಿದೆ ಎಂದೆ.

"ಕೊಳ್ತಿದೆ."

"ಫೋನು ಕೊಳೆಯುತ್ತಾ ಅಕ್ಕ?"

"ಹಣ್ಣು ಜಾಸ್ತಿಯಾಗಿ ಹುಳಿ ಬಂದಂಗೆ ವಾಸನೆ. ಕ್ಯೂರಿಂಗಲ್ಲೂ ಹಿಂಗೇ ಮೇಡಂ. ಕಪ್ಪು ಬೀಜ ಕಣ್ಣಿಗೆ ಕಾಣ್ತದೆ, ಅದರ ಹೆದರಿಕೆ ಇಲ್ಲ. ಕಣ್ಣಿಗೆ ಚಂದ ಇದ್ದು ಒಳಗೆ ಕೊಳ್ತಿರ್ತದಲ್ಲ, ಅದೊಂದು ಬೀಜ ಸಾಕು, ಮೂಟೆ ಕಾಫಿ ಕೆಡ್ತದೆ."

ಅವರ ಬಾಯಿ ಮುಚ್ಚಿಸಲೆಂದೇ ಬಿಚ್ಚಿದೆ. ಬ್ಯಾಟರಿಯ ಬೆಳ್ಳಿಬಣ್ಣದ ಹೊದಿಕೆಯ ಮೇಲೆ ಚಿಮಟದ ತುದಿ ತಾಗಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಒಳಗಿನ ದ್ರವ ಆರಿ ಸಿಹಿ ವಾಸನೆ ಬರುತ್ತಿತ್ತು. ಆ ಫೋನು ಯಾರ ದಿಂಬಿನಡಿಯಲ್ಲೋ ಚಾರ್ಜಿಗೆ ಕೂತಿದ್ದರೆ ಏನಾಗುತ್ತಿತ್ತು?

ದೋಷವನ್ನು ಕಂಪ್ಯೂಟರಿಗೆ ಹಾಕಲು ಹೋದರೆ ಅಲ್ಲಿದ್ದ ಪಟ್ಟಿಯಲ್ಲಿ ಗೀರು, ಬಿರುಕು, ಚುಕ್ಕೆ, ಸದ್ದು ಎಲ್ಲ ಇತ್ತು, ವಾಸನೆ ಇರಲಿಲ್ಲ. "ನೋಟದ ದೋಷ ಅಂತ ಹಾಕಿ. ವಾಸನೆ ಅಂದ್ರೆ ಮೇಲಿನವರು ನಗ್ತಾರೆ" ಎಂದರು ಮ್ಯಾನೇಜರು. ಹಾಗೇ ಹಾಕಿದೆ. ಆಮೇಲೆ ಅಕ್ಕ ಹಿಡಿದ ಪ್ರತಿಯೊಂದಕ್ಕೂ ಹಾಗೇ ಹಾಕಿದೆ. ಅದು ಸಾಲದೆಂದು ಇನ್ನೊಂದು ಕೆಲಸ ಮಾಡಿದೆ. ದಿನಕ್ಕೆ ಹತ್ತು ಫೋನು ಬಿಚ್ಚಿ ಒಳಗನ್ನು ನೋಡಬೇಕೆಂದು ನಿಯಮವಿತ್ತು. ಅಕ್ಕನ ಮೂಗಿರುವಾಗ ಅದೇಕೆ ಎಂದು ಬಿಚ್ಚುವುದನ್ನೇ ಬಿಟ್ಟೆ, ಬಿಚ್ಚಿದೆ ಎಂದು ಸಹಿ ಮಾಡಿದೆ. ಮೊದಲು ಆ ಮೂಗನ್ನು ಕಂಡು ನಕ್ಕವಳೂ ನಾನೇ, ಆಮೇಲೆ ಇಡೀ ಫ್ಯಾಕ್ಟರಿಯನ್ನು ತಂದು ಅದರ ಮೇಲೆ ನಿಲ್ಲಿಸಿದವಳೂ ನಾನೇ.

ಆಮೇಲೆ ಕೊರೊನಾ ಬಂತು. ಅಕ್ಕನಿಗೂ ಜ್ವರ ಬಂತು. ಮೂರು ವಾರ ಬಿಟ್ಟು ಕೆಲಸಕ್ಕೆ ಬಂದಾಗ ಇನ್ನೂ ಸಪೂರವಾಗಿದ್ದರು, ಆದರೆ ಕಿಟಕಿಯ ಪಕ್ಕ ಕೂತು ಎಂದಿನಂತೆ ಫೋನು ಮೂಸತೊಡಗಿದರು. ಮಕ್ಕಳಿಗೆಲ್ಲ ಆನ್‌ಲೈನ್ ಪಾಠ ಶುರುವಾಗಿ ಕಡಿಮೆ ಬೆಲೆಯ ಫೋನಿಗೆ ಜನ ಮುಗಿಬಿದ್ದಿದ್ದ ಕಾಲ ಅದು. ಒಂದು ಮಧ್ಯಾಹ್ನ ನಾನು ಡಬ್ಬಿ ತೆರೆದರೆ ಪಲ್ಯ ಹಳಸಿ ನೂಲು ಬಂದಿತ್ತು. ಎಸೆಯಲು ಏಳುವಷ್ಟರಲ್ಲಿ ಎದುರು ಕೂತಿದ್ದ ಅಕ್ಕ ಎಂದಿನ ಸಲಿಗೆಯಲ್ಲಿ ಕೈಹಾಕಿ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡರು.

"ಚೆನ್ನಾಗಿದೆ ಮೇಡಂ" ಎಂದರು.

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಮಾರನೇ ದಿನ ಲೈನಿನಲ್ಲಿ ಅವರು ಮೊಣಕೈಗೆ ಮೂಗು ಒತ್ತುತ್ತಿದ್ದುದನ್ನು ದೂರದಿಂದ ಕಂಡೆ. ಒತ್ತಿದರು, ಮತ್ತೆ ಒತ್ತಿದರು, ಮತ್ತೂ ಒತ್ತಿದರು. ಆಗಲೇ ಹೋಗಿ ಕೇಳಬೇಕಿತ್ತು. ಕೇಳಿದರೆ ಲೈನು ನಿಲ್ಲಿಸಬೇಕು, ಬಿಚ್ಚದ ಫೋನಿಗೆ ಸಹಿ ಮಾಡಿದ್ದು ಹೊರಬರುತ್ತದೆ. ಕೇಳಲಿಲ್ಲ.

ಆ ವಾರದ ಕೊನೆಗೆ ಇನ್ನೂರ ನಲವತ್ತು ಫೋನಿನ ಒಂದು ಲಾಟು ಹೋಗಬೇಕಿತ್ತು. ಬೆಂಗಳೂರಿನ ಲಾರಿಗಳು ಸರಿಯಾಗಿ ಓಡಾಡುತ್ತಿರಲಿಲ್ಲವೆಂದು ಆ ಲಾಟನ್ನು ಇಲ್ಲಿಯ ಅಂಗಡಿಗಳಿಗೇ ಕೊಡುವುದಾಗಿ ತೀರ್ಮಾನವಾಗಿತ್ತು. ಸಂಜೆ ಹೊರಡುವ ಮುಂಚೆ ಸ್ಕ್ರೂ ತುಂಬಿಡುವ ಬಟ್ಟಲನ್ನು ನೋಡಿದೆ. ಮೂರು ಮಿಲಿಮೀಟರಿನ ಸ್ಕ್ರೂಗಳ ನಡುವೆ ನಾಲ್ಕು ಮಿಲಿಮೀಟರಿನದೊಂದು ಇತ್ತು. ವ್ಯತ್ಯಾಸ ನುಚ್ಚಕ್ಕಿಯಷ್ಟು. ಬಟ್ಟಲು ಖಾಲಿಯಾದಾಗ ಯಾರೋ ಬೇರೆ ಮಾಡೆಲ್ಲಿನ ಚೀಲಕ್ಕೆ ಕೈಹಾಕಿ ಒಂದು ಚಿಟಿಕೆ ಸುರಿದಿದ್ದರು. ಉದ್ದದ ಸ್ಕ್ರೂ ಆ ಜಾಗಕ್ಕೆ ಕೂತರೆ ಅದರ ತುದಿ ನೇರ ಬ್ಯಾಟರಿಗೆ ಒತ್ತುತ್ತದೆ. ಇಂದು ಬಂದರೆ ಸಣ್ಣ ವಾಸನೆ, ಬೇರೇನೂ ಆಗುವುದಿಲ್ಲ, ತಿಂಗಳಾದ ಮೇಲೆ ಆಗುತ್ತದೆ. ಬಟ್ಟಲನ್ನು ಬೆರಳಿನಿಂದ ಕಲಕಿದೆ. ಉಳಿದವೆಲ್ಲ ಸರಿಯಾದವೇ. ಉದ್ದದವು ಆಗಲೇ ಫೋನುಗಳ ಒಳಗೆ ಹೋಗಿದ್ದವು. ಹೊರಗೆ ಲಾರಿ ಹಾರನ್ ಹೊಡೆಯಿತು. ಆ ಒಂದು ಸ್ಕ್ರೂವನ್ನು ಮ್ಯಾನೇಜರಿಗೆ ತೋರಿಸಬೇಕೆಂದು ಕೋಟಿನ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಮ್ಯಾನೇಜರೇ ಬಂದು, "ಎಲ್ಲ ಸರಿ ಇದ್ಯಲ್ಲ?" ಎಂದರು.

"ಸರಿ ಇದೆ ಸಾರ್" ಎಂದೆ.

ಎರಡು ತಿಂಗಳಾದ ಮೇಲೆ ಅತ್ತಿಗುಂಡಿಯಿಂದ ಒಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಸುಟ್ಟ ಫೋನನ್ನು ತಂದರು. ಅವರ ಮಗಳು ಸಿಗ್ನಲ್ ಸಿಗಲೆಂದು ರಸ್ತೆಯ ಮೇಲ್ಬದಿಯ ಬಂಡೆ ಹತ್ತಿ ಕೂತು ಗಣಿತದ ಪಾಠ ಕೇಳುತ್ತಿದ್ದಾಗ ಫೋನು ಬಿಸಿಯಾಗಿ ಹೊಗೆ ಬಿಟ್ಟಿತ್ತು. ಎಸೆಯುವಷ್ಟರಲ್ಲಿ ಬಲಗೈಯ ಮೂರು ಬೆರಳ ತುದಿ ಸುಟ್ಟಿತ್ತು. ನಾನು ಫೋನು ಬಿಚ್ಚಿದೆ. ಸ್ಕ್ರೂ ಅಲ್ಲೇ ಇತ್ತು. ಅಕ್ಕ ನನ್ನ ಹಿಂದೆ ನಿಂತು ಎಲ್ಲವನ್ನೂ ನೋಡಿದರು. ಆ ಮನುಷ್ಯನ ಎದುರು ಹೋಗಿ ಕೈಮುಗಿದು, "ತಪ್ಪು ನಂದು. ನನ್ನ ಮೂಗು ಸತ್ತು ಹೋಗಿದೆ. ಕೆಲ್ಸ ಹೋಗ್ತದಂತ ಯಾರಿಗೂ ಹೇಳ್ಲಿಲ್ಲ" ಎಂದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ.

ಉದ್ದದ ಸ್ಕ್ರೂವಿನ ಚೀಲ ನೂರರದ್ದು, ಆ ಒಂದು ಚಿಟಿಕೆ ಬಿಟ್ಟರೆ ಅದನ್ನು ಯಾರೂ ಬಳಸಿರಲಿಲ್ಲ. ಅಕ್ಕ ಅದನ್ನು ಮೊರಕ್ಕೆ ಸುರಿದುಕೊಂಡು, ಬೀಜ ಎಣಿಸುವ ಹಾಗೆ ಎರಡೆರಡಾಗಿ ಸರಿಸಿ ಎಣಿಸಿದರು. ಎಂಬತ್ತೊಂದು. "ಹತ್ತೊಂಬತ್ತು ಹೊರಗಿದೆ" ಎಂದರು. ಕಂಪನಿ ಹುಡುಗಿಯ ಮನೆಯವರಿಗೆ ಹೊಸ ಫೋನು ಕೊಟ್ಟು, ಚಾರ್ಜರು ಸರಿಯಿರಲಿಲ್ಲ ಎಂದು ಬರೆದು ಮುಗಿಸಿತು. ಉಳಿದವನ್ನು ವಾಪಸು ತರಿಸುವ ಮಾತನ್ನೇ ಎತ್ತಲಿಲ್ಲ. ಅಕ್ಕ ಮಾರನೇ ದಿನದಿಂದ ಕೆಲಸಕ್ಕೆ ಬರಲಿಲ್ಲ. ಮುಂದಿನ ವರ್ಷ ಆ ಘಟಕವೂ ಮುಚ್ಚಿತು. ನಾನು ಮೂಡಿಗೆರೆಗೆ ಬಂದು ಈ ಅಂಗಡಿ ಹಾಕಿದೆ.

ಅಂಗಡಿ ತೆರೆದ ಮೊದಲ ವಾರವೇ ಅಕ್ಕ ಬಟ್ಟೆಯ ಚೀಲ ಹಿಡಿದು ಬಂದರು. ಮೇಡಂ ಎನ್ನುವುದನ್ನು ಬಿಟ್ಟಿದ್ದರು.

"ಇದರಲ್ಲಿ ಮೂರಿದೆ. ಬಿಚ್ಚು ಮಾರಾಯ್ತಿ."

ಅಷ್ಟು ದಿನವೂ ಅವರು ಹುಡುಕುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯವರು ವಾರಂಟಿಗೆಂದು ಬರೆದಿಟ್ಟುಕೊಂಡ ಹೆಸರುಗಳನ್ನು ಕೇಳಿ ಬರೆಸಿಕೊಂಡು, ಬಸ್ಸಿನಲ್ಲಿ, ಜೀಪಿನಲ್ಲಿ, ಉಳಿದ ದಾರಿ ನಡೆದು ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೆ ಹೋಗುತ್ತಿದ್ದರು. ಮೂಗು ಇಲ್ಲದ್ದಕ್ಕೆ ಬೇರೆ ದಾರಿ ಕಂಡುಕೊಂಡಿದ್ದರು. ಯಾರದೋ ಮನೆಯ ನುಣುಪು ಜಗಲಿಯ ಮೇಲೆ ಫೋನು ಮಲಗಿಸಿ ತಿರುಗಿಸುವುದು. "ಮೂಗು ಹೋದ್ರೆ ಬೆರಳಿಲ್ವಾ?" ಎಂದರು. ಗಾಜಿನ ಕೌಂಟರಿನ ಮೇಲೆ ಮೊದಲನೆಯದನ್ನು ತಿರುಗಿಸಿ ತೋರಿಸಿದರು. ಅದು ಸುತ್ತಿತು, ಸುತ್ತುತ್ತಲೇ ಇತ್ತು. ಬಿಚ್ಚಿದೆ, ಉದ್ದದ ಸ್ಕ್ರೂ ಸಿಕ್ಕಿತು. ಅಕ್ಕ ಅದನ್ನು ಒರೆಸಿ, ಸೊಂಟದಿಂದ ಹಳೆಯ ಕುಂಕುಮದ ಡಬ್ಬಿ ತೆಗೆದು ಅದರೊಳಗೆ ಹಾಕಿಕೊಂಡರು. ಅತ್ತಿಗುಂಡಿಯ ಹುಡುಗಿಯ ಫೋನಿನದು ಆಗಲೇ ಅದರಲ್ಲಿತ್ತು.

ತಿರುಗದ ಫೋನನ್ನೂ ಅವರು ಬಿಡುತ್ತಿರಲಿಲ್ಲ, ಬಿಚ್ಚಿಸಿಯೇ ನೋಡುತ್ತಿದ್ದರು. ಎಲ್ಲರೂ ಸುಲಭಕ್ಕೆ ಫೋನು ಕೊಡುತ್ತಿರಲಿಲ್ಲ. ಹೊರನಾಡಿನ ಒಂದು ಲಾಡ್ಜಿನ ಅಡುಗೆಯಾಕೆ ಇವರನ್ನು ಕಳ್ಳಿ ಎಂದೇ ತಿಳಿದಳಂತೆ. ಅಕ್ಕ ಅವಳ ಎದುರು ಕೂತು ಒಂದು ಬುಟ್ಟಿ ಬೀನ್ಸಿನ ನಾರು ತೆಗೆದುಕೊಟ್ಟರು. ಬುಟ್ಟಿ ಮುಗಿಯುವಾಗ ಅವಳು ತಾನಾಗಿ ಫೋನು ತಂದಿಟ್ಟಳು. ಒಂದು ತೋಟದ ಲೆಕ್ಕ ಬರೆಯುವ ರೈಟರು, "ನಿಮಗೆ ಕಂಪನಿಯವರು ಎಂತ ಕೊಡ್ತಾರೆ?" ಎಂದು ಕೇಳಿದ್ದಕ್ಕೆ, "ಫೋನ್ ತಗಂಡವ್ರು ಶಾಪ ಕೊಡ್ದೇ ಇದ್ರೆ ಸಾಕು" ಎಂದರಂತೆ. ಮಕ್ಕಳು ಅವರನ್ನು ಫೋನಜ್ಜಿ ಎಂದು ಕರೆಯತೊಡಗಿದವು. ನಾನು ಹೊಸ ಬ್ಯಾಟರಿಗಳನ್ನು ಬಿಟ್ಟಿಯಾಗಿ ಹಾಕಿಕೊಟ್ಟು, ಉಬ್ಬಿದವನ್ನು ಹಿತ್ತಲಿನ ಮರಳಿನ ಬಕೆಟ್ಟಿಗೆ ಹಾಕುತ್ತಿದ್ದೆ. ಅದರಿಂದ ನನ್ನ ಪಾಪ ತೀರುತ್ತಿದೆಯೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಎರಡು ವರ್ಷದಲ್ಲಿ ಏಳೆಂಟನ್ನು ಬಿಟ್ಟು ಆ ಲಾಟಿನ ಎಲ್ಲ ಫೋನೂ ಸಿಕ್ಕಿದವು. ಡಬ್ಬಿಯಲ್ಲಿ ಸ್ಕ್ರೂ ಹದಿನೆಂಟಾದವು. ಅಂದು ಅಕ್ಕ ಕೌಂಟರಿನ ಮೇಲೆ ಎಣಿಸಿ, "ಇನ್ನೊಂದೇ ಒಂದು" ಎಂದರು. ಮುಖ ಮಗುವಿನ ಹಾಗೆ ಅರಳಿತ್ತು.

ನನ್ನ ಪರ್ಸಿನ ಒಳಜೇಬಿನಲ್ಲಿ, ಒಂದು ಕಾಗದದ ಚೂರಿನಲ್ಲಿ ಸುತ್ತಿ, ಆ ಇನ್ನೊಂದು ಇತ್ತು. ಅಂದು ಸಂಜೆ ಬಟ್ಟಲಿನಿಂದ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡದ್ದು. ಅದು ಯಾವ ಫೋನಿನೊಳಕ್ಕೂ ಹೋಗಿರಲೇ ಇಲ್ಲ. ಹೊರಗೆ ಹೋದದ್ದು ಹದಿನೆಂಟೇ, ಎಲ್ಲವೂ ಸಿಕ್ಕಿಯಾಗಿತ್ತು. ಹೇಳಿದರೆ ಅಕ್ಕ ಅಂದೇ ಮನೆಗೆ ಹೋಗಿ ಕಾಲು ಚಾಚಿ ಕೂರಬಹುದಿತ್ತು. ಹೇಳಿದರೆ, ಲಾರಿ ಹೊರಡುವ ಮೊದಲೇ ನಿನಗೆ ಗೊತ್ತಿತ್ತಾ ಎಂದು ಕೇಳುತ್ತಿದ್ದರು. ನಾಳೆ ಹೇಳುತ್ತೇನೆ ಎಂದುಕೊಂಡೆ.

ಕುದುರೆಮುಖಕ್ಕೆ ಅವರ ಜೊತೆ ನಾನೂ ಹೋದೆ. ಪಟ್ಟಿಯಲ್ಲಿ ಉಳಿದಿದ್ದವುಗಳಲ್ಲಿ ಒಂದು ಫೋನು ಅಲ್ಲಿಯ ಖಾಲಿ ಕ್ವಾರ್ಟರ್ಸು ಕಾಯುವ ವಾಚ್‌ಮನ್ನನ ಹತ್ತಿರ ಇತ್ತು. ಗಣಿ ನಿಂತು ಜನ ಬಿಟ್ಟುಹೋದ ಊರು. ಸಾಲು ಸಾಲು ಮನೆ, ಬಾಗಿಲ ಮೇಲೆ ನಂಬರು ಮಾತ್ರ ಇನ್ನೂ ಕಾಣುತ್ತದೆ. ಹಾಡಹಗಲು, ಬಿಸಿಲಿತ್ತು, ಆದರೂ ನನಗೆ ಯಾರೋ ನೋಡುತ್ತಿದ್ದಾರೆ ಅನಿಸುತ್ತಿತ್ತು. ಅಕ್ಕ ಅಭ್ಯಾಸಬಲದಿಂದ ಒಂದು ಖಾಲಿ ಮನೆಯ ಮೆಟ್ಟಿಲು ಹತ್ತಿ, "ಯಾರಾದ್ರೂ ಇದ್ದೀರಾ? ನಿಮ್ಮನೇಲಿ ಫೋನ್ ಉಂಟಾ?" ಎಂದು ಕೂಗಿದರು. ಆಮೇಲೆ ತಮ್ಮಷ್ಟಕ್ಕೇ ನಕ್ಕು ಇಳಿದು ಬಂದರು. ಆ ಕೂಗು ಈಗಲೂ ನನಗೆ ಕೇಳುತ್ತದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಹೆಚ್ಚು.

ವಾಚ್‌ಮನ್ನನ ಫೋನನ್ನು ಜಗಲಿಯ ಮೇಲೆ ತಿರುಗಿಸಿದರು, ನಿಂತಿತು. ಬಿಚ್ಚಿದೆ, ಸರಿಯಾದ ಸ್ಕ್ರೂ. ವಾಪಸು ಬರುವಾಗ ಬಸ್ಸಿಗೆ ಕಾಯುತ್ತ ಅಕ್ಕ ಮೋರಿಯ ಕಟ್ಟೆಯ ಮೇಲೆ ಕೂತು ಮಂಡಿ ಉಜ್ಜಿಕೊಂಡರು.

"ಫೋನು ಒಳ್ಳೇದಿದೆ ಅಂದ್ರೆ ಬೇಜಾರಾಗೂ ಕಾಲ ಬಂತಲ್ಲ ಮಾರಾಯ್ತಿ" ಎಂದರು. ಇನ್ನೊಂದು ಮಂಡಿಗೆ ಕೈಹಾಕಿ, "ಆ ಹುಡ್ಗಿ ಬೆರಳು ಕಣ್ಣಿಗೆ ಬರ್ತದೆ. ಪೆನ್ನು ಹಿಡಿಯೂಕೆ ಈಗ್ಲೂ ಕಷ್ಟ ಅಂತೆ. ಇನ್ನೊಂದು ಮಗೀಗೆ ಹಂಗಾಗೂದ್ರೊಳಗೆ ಸಿಕ್ಕಿದ್ರೆ ಸಾಕು" ಎಂದರು.

ನಾನು ಪರ್ಸಿನ ಜಿಪ್ಪು ಎಳೆದೆ. ಕಾಗದದ ಚೂರು ಬೆರಳಿಗೆ ಸಿಕ್ಕಿತು. ಬಸ್ಸು ಬಂತು.

ಆಮೇಲೂ ಒಂದು ವರ್ಷ ನಡೆದರು. ಕಡೆಯ ಮಳೆಗಾಲದಲ್ಲಿ ಉಸಿರು ಕಟ್ಟುತ್ತಿತ್ತಂತೆ. ಆದರೂ ಬಾಳೂರಿನ ಕಡೆ ಯಾರೋ ಹಳೆಯ ಫೋನು ಮಾರಿದ್ದಾರೆಂದು ಕೇಳಿ ಹೋಗಿ ನೆನೆದು ಬಂದರು. ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ಹೋದೆ. ಮುಖ ನೋಡಲಾಗದೆ ಕಾಲು ನೋಡಿದೆ. ಹಿಮ್ಮಡಿ ಒಡೆದು ಸೀಳು ಬಿಟ್ಟಿತ್ತು.

ತಿಥಿ ಕಳೆದ ಮೇಲೆ ಅವರ ಸೊಸೆ ಅಂಗಡಿಗೆ ಬಂದಳು. ಕುಂಕುಮದ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, "ಅತ್ತೆ ಇದನ್ನ ನಿಮಗೇ ಕೊಡಕ್ಕೆ ಹೇಳಿದ್ರು ಮೇಡಂ. ಇನ್ನೊಂದು ಸಿಕ್ಕಿದ್ರೆ ಇದಕ್ಕೆ ಹಾಕಿ ಮುಚ್ಚಿಬಿಡ್ಲಿ ಅಂದ್ರು" ಎಂದಳು.

ನಾನು ಪರ್ಸು ತೆಗೆದೆ. ಕಾಗದ ಬಿಚ್ಚಿ ಸ್ಕ್ರೂವನ್ನು ಡಬ್ಬಿಗೆ ಹಾಕಿದೆ. ಸಣ್ಣ ಸದ್ದಾಯಿತು. ಸೊಸೆಯ ಮುಖ ಬೆಳಗಿತು. "ಸಿಕ್ತಾ! ಯಾರ ಫೋನಲ್ಲಿತ್ತು ಮೇಡಂ?"

ಎಲ್ಲವನ್ನೂ ಹೇಳಿದೆ. ಹಳಸಿದ ಪಲ್ಯ, ಬಟ್ಟಲು, ಲಾರಿ, ಜೇಬು, ಕುದುರೆಮುಖದ ಬಸ್ಸು. ಅವಳು ಬಯ್ಯುತ್ತಾಳೆಂದು ಕಾದೆ.

"ಹೇಳ್ಬೋದಿತ್ತಲ್ಲ ಮೇಡಂ" ಎಂದಳು. "ಅತ್ತೆ ಏನೂ ಅಂತಿರ್ಲಿಲ್ಲ. ನಡೆಯೂದಾದ್ರೂ ತಪ್ತಿತ್ತು ಅವ್ರಿಗೆ."

ಡಬ್ಬಿಯ ಮುಚ್ಚಳವನ್ನು ಅವಳೇ ಹಾಕಿ, ನನ್ನ ಕಡೆಗೆ ಸರಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೋದಳು.